ಭಂಡಾರದ ಮೇಲೆ ಬಂದ ಲಾರಿ

ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಾಲ್ಕು ಕಬ್ಬಿನ ಹಂಗಾಮು ಒಂದು ಲಾರಿ ನಿಲ್ಲುತ್ತಿತ್ತು. ಇನ್ನೊಂದು ಹಂಗಾಮು ಕಳೆದರೆ ಅದು ನಮ್ಮದಾಗುತ್ತದೆ ಎಂದು ನಾನು ನಂಬಿದ್ದೆ. ಈಗಲೂ ಅದೇ ಲಾರಿ ವಾರಕ್ಕೊಮ್ಮೆ ಅದೇ ಗಿಡದ ಕೆಳಗೆ ನಿಲ್ಲುತ್ತದೆ. ಓಡಿಸುವವರು ನಮ್ಮವರೇ, ನನ್ನ ಗಂಡ. ಆದರೆ ಅದು ನಮ್ಮದಲ್ಲ, ಆಗುವುದೂ ಇಲ್ಲ. ಕೇಳಿದವರಿಗೆ ಇಷ್ಟು ಹೇಳಿ ನಾನು ಒಳಗೆ ಹೋಗಿಬಿಡುತ್ತಿದ್ದೆ. ಹೋದ ವಾರ ಕಬ್ಬೂರಿನಿಂದ ನನ್ನ ತಂಗಿ ಬಂದು ಒಲೆಯ ಮುಂದೆ ಕುಳಿತಳು. ಅವಳಿಗೆ ಮಾತ್ರ ಎಲ್ಲವನ್ನೂ ಹೇಳಬೇಕಾಯಿತು.

ತಂಗಿಯ ಗಂಡ ಚಿಕ್ಕೋಡಿಯ ಒಂದು ಟ್ರಾನ್ಸ್‌ಪೋರ್ಟಿನಲ್ಲಿ ಪಗಾರದ ಮೇಲೆ ಲಾರಿ ಓಡಿಸುತ್ತಾನೆ.

"ಅಕ್ಕಾ, ಗಾಡಿ ಲೀಜಿಗೆ ತಗೋ ಅಂತ ಅವರ ಮಾಲಕರು ಗಂಟ ಬಿದ್ದಾರ. ಐದ ವರ್ಷ ಹಪ್ತೆ ತುಂಬಿದರ ಗಾಡಿ ನಿಂದ ಅನ್ನಾಕತ್ತಾರಂತ. ತಗೋಳೋದೋ, ಪಗಾರದ ಮ್ಯಾಲ ಇರೋದೋ? ನೀ ಹೆಂಗ ಹೇಳ್ತಿ ಹಂಗ."

"ಮೊದಲ ರೊಟ್ಟಿ ತಿನ್ನು."

"ರೊಟ್ಟಿ ತಿನ್ನಾಕ ಬಂದಿಲ್ಲ ನಾ."

"ಹಂಗಾರ ಹಸದ ಕೇಳು. ಹಸದಾಗ ಕೇಳಿದ್ದು ಛಲೋ ನೆನಪಿರತೈತಿ."

ಅವಳು ನಕ್ಕಳು. ನಾನು ನಗಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ ಮೊದಲಿನಿಂದ ಹೇಳತೊಡಗಿದೆ.

ನಮ್ಮವರು ನಿಪ್ಪಾಣಿಯ ಒಬ್ಬ ಸಾವಕಾರರ ಬಳಿ ಹದಿನಾರು ವರ್ಷ ಪಗಾರಕ್ಕೆ ದುಡಿದವರು. ಸಾವಕಾರರಿಗೆ ಆರೇಳು ಲಾರಿಗಳಿದ್ದವು. ಹಂಗಾಮಿನಲ್ಲಿ ಹೊಲದಿಂದ ಉಗಾರದ ಕಾರ್ಖಾನೆಗೆ ಕಬ್ಬು. ಉಳಿದ ತಿಂಗಳುಗಳಲ್ಲಿ ಕೊಲ್ಲಾಪುರ, ಗೋವೆ, ಪುಣೆ, ಎಲ್ಲಿಗೆ ಬಾಡಿಗೆ ಸಿಕ್ಕರೆ ಅಲ್ಲಿಗೆ. ತಿಂಗಳಿಗೆ ಪಗಾರ, ದಾರಿಯ ಊಟಕ್ಕೆ ಭತ್ತೆ. ಟೈರು ಒಡೆದರೆ ಸಾವಕಾರರದು, ಎಂಜಿನ್ನು ಕೆಟ್ಟರೆ ಸಾವಕಾರರದು, ಪೊಲೀಸರು ಹಿಡಿದರೂ ಸಾವಕಾರರದೇ. ನಮ್ಮದು ಅಂದರೆ ಇವರ ಮೈ ಮತ್ತು ಇವರ ಎರಡು ಕಣ್ಣು. ಆಗ ಅದು ನನಗೆ ಸಣ್ಣ ಬಾಳು ಅನ್ನಿಸುತ್ತಿತ್ತು. ದೇವಿ ಕೊಟ್ಟದ್ದನ್ನು ಸಣ್ಣದು ಅಂದುಕೊಂಡದ್ದೇ ನನ್ನ ಮೊದಲ ತಪ್ಪಿರಬೇಕು.

ಪಗಾರದ ಬಾಳಿನಲ್ಲಿ ಒಂದು ಮುಳ್ಳಿತ್ತು. ಎಲ್ಲದಕ್ಕೂ ಕೇಳಬೇಕು. ನಮ್ಮ ಅತ್ತೆ ತೀರಿಕೊಂಡ ದಿನ ಇವರು ಗೋವೆಯಲ್ಲಿದ್ದರು, ಲಾರಿ ತುಂಬ ಸಿಮೆಂಟು. ಫೋನು ಮಾಡಿ ಹೇಳಿದೆವು. ಇವರು ಕಚೇರಿಯ ಮ್ಯಾನೇಜರನನ್ನು ಕೇಳಿದರು. "ಖಾಲಿ ಮಾಡಿಕೊಂಡ ಬಾ" ಎಂದ ಅವನು. ಮಳೆ ಬಿಡಲಿಲ್ಲ, ಮಳೆಯಲ್ಲಿ ಸಿಮೆಂಟು ಇಳಿಸುವ ಹಾಗಿಲ್ಲ. ಇವರು ಊರು ಮುಟ್ಟಿದಾಗ ಅತ್ತೆಯನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಚಪ್ಪಲಿ ಬಿಟ್ಟು, ಮಣ್ಣು ಮಾಡಿದ ಹೊಲದ ಮೂಲೆಗೆ ಹೋಗಿ ಕುಳಿತರು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ಹೋದೆ. ಅವರು ಅಳಲಿಲ್ಲ.

"ಇನ್ನ ಮ್ಯಾಲ ನನ್ನ ಗಾಡಿ ಕೀಲಿಕೈ ಇನ್ನೊಬ್ಬರ ಕೈಯಾಗ ಇರಬಾರದು" ಎಂದಷ್ಟೇ ಹೇಳಿದರು.

ಆ ಮಾತು ಸಾವಕಾರರ ಕಿವಿಗೆ ಹೇಗೋ ಮುಟ್ಟಿತು. ಅವರು ಮ್ಯಾನೇಜರನಂಥವರಲ್ಲ. ಬಿಳಿ ಧೋತರ, ಬಿಳಿ ಟೊಪ್ಪಿಗೆ, ವಯಸ್ಸಿನಲ್ಲಿ ನನ್ನ ತಂದೆಯ ಓರಿಗೆಯವರು. ಅತ್ತೆಯ ದಿನಕರ್ಮಕ್ಕೆ ತಾವೇ ಬಂದು, ಕಂಬಳಿಯ ಮೇಲೆ ಕುಳಿತು, ನಮ್ಮವರ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು. ಆಮೇಲೆ ನಮ್ಮವರು ಓಡಿಸುತ್ತಿದ್ದ ಲಾರಿಯ ಮಾತು ತೆಗೆದರು. ಆರು ವರ್ಷ ಓಡಿದ ಗಾಡಿ. ತಿಂಗಳಿಗೆ ಇಷ್ಟು ಹಪ್ತೆ, ಅಂದರೆ ಕಂತು, ಕೊಡಬೇಕು. ಟೈರು, ರಿಪೇರಿ, ವಿಮೆ ಎಲ್ಲ ನಮ್ಮ ಮೇಲೆ. ಬಾಡಿಗೆ ಬಂದದ್ದು ನಮಗೆ. ಐದು ಹಂಗಾಮು ಮುಗಿದರೆ ಗಾಡಿಯ ಆರ್‌ಸಿ ಪುಸ್ತಕ ನಮ್ಮವರ ಹೆಸರಿಗೆ.

ನಮ್ಮ ಕಡೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡು ಉಳುವುದು ಎಲ್ಲರಿಗೂ ಗೊತ್ತು. ಎಷ್ಟು ವರ್ಷ ಉತ್ತರೂ ಹೊಲ ಒಡೆಯರದೇ. ಇಲ್ಲಿ ಹಾಗಲ್ಲ, ಕೊನೆಗೆ ಗಾಡಿ ನಮ್ಮದು. ಆ ಕೊನೆಯ ಮಾತೇ ನಮಗೆ ಹೋಳಿಗೆಯ ಹೂರಣದ ಹಾಗೆ ಸಿಹಿಯಾಗಿತ್ತು. ಸುತ್ತಲಿನ ಕಣಕ ಎಷ್ಟು ದಪ್ಪ ಇದೆ ಎಂದು ಯಾರು ನೋಡಿದರು?

ನಮ್ಮವರು ನೋಡಿದ್ದರು. ಹೇಳದಿದ್ದರೆ ಪಾಪ ಬರುತ್ತದೆ. ಅವರು ಅಥಣಿಗೆ ಹೋಗಿ ಕೋರ್ಟಿನ ಮುಂದೆ ಕುಳಿತುಕೊಳ್ಳುವ ಟೈಪು ಮಾಡುವವನ ಬಳಿ ಬಾಂಡ್ ಪೇಪರಿನ ಮೇಲೆ ಎಲ್ಲವನ್ನೂ ಬರೆಸಿಕೊಂಡು ಬಂದಿದ್ದರು. ಹಪ್ತೆ ಎಷ್ಟು, ಎಷ್ಟು ತಿಂಗಳು, ಕೊನೆಗೆ ಗಾಡಿ ಯಾರದು, ನಡುವೆ ಯಾರಿಗಾದರೂ ಹೆಚ್ಚುಕಡಿಮೆಯಾದರೆ ಅವರ ವಾರಸುದಾರರು ಈ ಕರಾರನ್ನು ನಡೆಸಿಕೊಡಬೇಕು ಎಂದು ಕೂಡ. ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಇಟ್ಟುಕೊಂಡು ನನಗೆ ಓದಿ ಹೇಳಿದರು.

"ಸಾವಕಾರ್ರ ಮುಂದ ಇದನ್ನ ಹಿಡೀತೀರೇನು?" ಎಂದೆ ನಾನು.

"ಹಿಡೀಬೇಕಲ್ಲ."

"ಹದಿನಾರ ವರ್ಷ ಅವರ ಉಪ್ಪು ತಿಂದೀರಿ. ಮನೀಗೆ ಬಂದು ಕೈ ಹಿಡದಾರ. ನಿಮ್ಮ ಮಾತಿನ ಮ್ಯಾಲ ನಂಬಿಕಿ ಇಲ್ಲ, ಸಹಿ ಮಾಡ್ರಿ ಅಂದಂಗ ಆಗೂದಿಲ್ಲೇನು?"

"ನಂಬಿಕಿ ಇಲ್ಲ ಅಂತಲ್ಲ. ಕಾಗದ ಕಾಗದ, ಮಾತು ಮಾತು."

"ಹಂಗಾರ ಮಾತಿಗೆ ದೇವೀನ ಸಾಕ್ಷಿ ಮಾಡೂಣು. ಕೊಕಟನೂರಾಗ ಭಂಡಾರ ಎತ್ತಲಿ. ಅದಕ್ಕಿಂತ ದೊಡ್ಡ ಸಹಿ ಯಾವದೈತಿ?"

ಇದು ನನ್ನ ಮಾತು. ಸಾವಕಾರರು ಹೇಳಿದ್ದಲ್ಲ, ನಮ್ಮವರು ಹೇಳಿದ್ದಲ್ಲ. ಇದನ್ನು ಹೇಳುವಾಗ ತಂಗಿಯ ಮುಖ ನೋಡಲು ನನಗೆ ಆಗಲಿಲ್ಲ, ಹಿಟ್ಟು ನಾದುತ್ತ ಹೇಳಿದೆ.

ಭಂಡಾರ ಎಂದರೆ ಎಲ್ಲಮ್ಮನ ಅರಿಷಿಣ ಪುಡಿ. ನಮ್ಮ ಭಾಗದಲ್ಲಿ ಅದನ್ನು ಹಣೆಗೆ ಹಚ್ಚಿಕೊಳ್ಳುವುದು ಬೇರೆ, ಎತ್ತುವುದು ಬೇರೆ. ಹಚ್ಚಿಕೊಂಡರೆ ಪ್ರಸಾದ. ಬಲ ಅಂಗೈಯಲ್ಲಿ ಹಿಡಿದು ಎದೆಯ ಮಟ್ಟಕ್ಕೆ ಎತ್ತಿ ಮಾತು ಆಡಿದರೆ ಆಣೆ. ಅಣ್ಣತಮ್ಮಂದಿರ ಪಾಲು, ಹೊಲದ ಬದುವಿನ ಜಗಳ, ಕಳುವಾದ ಎಮ್ಮೆ, ಎಷ್ಟೋ ವ್ಯಾಜ್ಯಗಳು ಹೀಗೆ ಮುಗಿದದ್ದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಎತ್ತಿದವರು ಮಾತು ತಪ್ಪಿದ್ದನ್ನು ನೋಡಿರಲಿಲ್ಲ.

ಒಂದು ಶುಕ್ರವಾರ ಸಾವಕಾರರು ತಮ್ಮ ಕಾರಿನಲ್ಲೇ ನಮ್ಮನ್ನು ಕೂರಿಸಿಕೊಂಡು ಕೊಕಟನೂರಿನ ಎಲ್ಲಮ್ಮನ ಗುಡಿಗೆ ಹೋದರು. ಗುಡಿಯಲ್ಲಿ ಜನ ಕಡಿಮೆ. ದರ್ಶನ ಮುಗಿಸಿ ಕಟ್ಟೆಯ ಬಳಿ ನಿಂತೆವು. ನಾನು ಸೆರಗಿನಲ್ಲಿದ್ದ ಭಂಡಾರವನ್ನು ಅವರ ಕೈಗೆ ಹಾಕಿದೆ. ಅವರು ಟೊಪ್ಪಿಗೆ ತೆಗೆದು ನಮ್ಮವರ ಕಡೆ ತಿರುಗಿದರು.

"ಐದ ಹಂಗಾಮ ಓಡಸು. ಹಪ್ತೆ ತಪ್ಪಸಬ್ಯಾಡ. ಗಾಡಿ ನಿಂದು. ನಾ ಮಾತ ತಪ್ಪಿದರ ಈ ತಾಯಿ ನೋಡಿಕೊಳ್ಳಲಿ."

ನಮ್ಮವರ ಕೈ ಅಂಗಿಯ ಜೇಬಿನ ಹತ್ತಿರ ಹೋಯಿತು. ಆ ಪ್ಲಾಸ್ಟಿಕ್ ಕವರು ಅಲ್ಲಿತ್ತು. ನಾನು ಅವರನ್ನು ನೋಡಿದೆ. ಭಂಡಾರ ಎತ್ತಿದ ಮೇಲೆ ಸಹಿ ಕೇಳುವುದೆಂದರೆ ದೇವಿಯ ಹತ್ತಿರವೇ ಜಾಮೀನು ಕೇಳಿದ ಹಾಗೆ ಎಂದು ನನ್ನ ಕಣ್ಣೇ ಹೇಳಿರಬೇಕು. ಅವರ ಕೈ ಕೆಳಗೆ ಬಂತು. ಆ ಕಾಗದಕ್ಕೆ ಸಹಿ ಬೀಳಲೇ ಇಲ್ಲ. ಮನೆಗೆ ಬಂದು ನಾನು ಅದನ್ನು ದೇವರ ಜಗಲಿಯ ಮೇಲೆ, ಎಲ್ಲಮ್ಮನ ಫೋಟೋದ ಹಿಂದೆ ಇಟ್ಟೆ. ನಾಲ್ಕು ವರ್ಷ ದಿನಾ ಅದರ ಮುಂದೆ ದೀಪ ಹಚ್ಚಿದ್ದೇನೆ.

ಲಾರಿ ಬಂದ ವಾರವೇ ಅದಕ್ಕೆ ಬಣ್ಣ ಹಚ್ಚಿಸಿದೆವು. ಹಣೆಯ ಮೇಲೆ ಶ್ರೀ ಎಲ್ಲಮ್ಮ ದೇವಿ ಪ್ರಸನ್ನ. ಅದರ ಕೆಳಗೆ ನಮ್ಮ ಊರು. ಬಾಗಿಲ ಮೇಲೆ, ಇವರು ಮೊಣಕೈ ಊರುವ ಜಾಗದಲ್ಲಿ, ಮಗಳ ಹೆಸರು. ನಾನು ಮುಂದಿನ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟೆ, ಕುಂಬಳಕಾಯಿ ನಿವಾಳಿಸಿದೆ. ಓಣಿಯ ಹೆಂಗಸರು ಬಂದು ನೋಡಿದರು. ಒಬ್ಬಳು "ಡ್ರೈವರನ ಹೇಣ್ತಿ ಹೋಗಿ ಮಾಲಕನ ಹೇಣ್ತಿ ಆದೀ ಬಿಡವಾ" ಎಂದಳು. ನಾನು ಅವಳಿಗೆ ಎರಡು ಬಾರಿ ಸಕ್ಕರೆ ಕೊಟ್ಟೆ.

ಇಲ್ಲಿ ತಂಗಿ ಮಧ್ಯೆ ಬಾಯಿ ಹಾಕಿದಳು. "ಖರೆ ಅಕ್ಕಾ, ಆಗ ನೀವು ಛಲೋನ ಇದ್ದಿರಲ್ಲ? ಭಾವ ಯಾರನ್ನೂ ಕೇಳಬೇಕಾಗಿರಲಿಲ್ಲ."

ಹೌದು, ಕೇಳಬೇಕಾಗಿರಲಿಲ್ಲ. ಅದೇ ಸಂಗತಿ. ಪಗಾರದ ಮೇಲಿದ್ದಾಗ ರಜೆ ಕೇಳಿದರೆ ಮ್ಯಾನೇಜರ್ ಇಲ್ಲ ಎನ್ನುತ್ತಿದ್ದ. ಲೀಜಿಗೆ ಬಂದ ಮೇಲೆ ಇವರು ತಮ್ಮನ್ನು ತಾವೇ ಕೇಳಿಕೊಂಡು ತಾವೇ ಇಲ್ಲ ಎನ್ನತೊಡಗಿದರು. ಮ್ಯಾನೇಜರನನ್ನಾದರೂ ಬೈಯಬಹುದಿತ್ತು.

ಹಂಗಾಮಿನಲ್ಲಿ ಕಾರ್ಖಾನೆಯ ಯಾರ್ಡಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ಸಾಲು ನಿಂತಿರುತ್ತದೆ. ಕಬ್ಬು ಹೇರಿಕೊಂಡು ಹೋಗಿ ನಂಬರು ಬರುವ ತನಕ ಕಾಯಬೇಕು, ಒಮ್ಮೊಮ್ಮೆ ಒಂದು ದಿನ, ಒಮ್ಮೊಮ್ಮೆ ಎರಡು. ಪಗಾರದ ದಿನಗಳಲ್ಲಿ ನಾನು ಬುತ್ತಿ ತೆಗೆದುಕೊಂಡು ಹೋದರೆ ಇವರು ಲಾರಿಯ ನೆರಳಲ್ಲಿ ಟವೆಲ್ ಹಾಸಿ ಮಲಗಿರುತ್ತಿದ್ದರು. ಕಾಯುವುದೂ ನೌಕರಿಯೇ, ಅದಕ್ಕೂ ಭತ್ತೆ ಇತ್ತು. ಅಲ್ಲೇ ಕುಳಿತು ಇಬ್ಬರೂ ಉಣ್ಣುತ್ತಿದ್ದೆವು, ಪಕ್ಕದ ಗಾಡಿಯವನು ಉಳ್ಳಾಗಡ್ಡಿ ಕೊಡುತ್ತಿದ್ದ, ಹಾಸ್ಯ ಮಾಡುತ್ತಿದ್ದ. ಲೀಜಿಗೆ ಬಂದ ಮೇಲೆ ಬುತ್ತಿ ಒಯ್ದರೆ ಇವರು ನಿಂತೇ ಇರುತ್ತಿದ್ದರು, ಸಾಲಿನ ತಲೆಯ ಕಡೆ ಮುಖ ಮಾಡಿ. ನಿಂತ ಗಾಡಿಗೂ ಹಪ್ತೆ ಇದೆ. ರೊಟ್ಟಿಯನ್ನು ಸುತ್ತಿ ಕೈಯಲ್ಲಿ ಹಿಡಿದು ತಿನ್ನುತ್ತಿದ್ದರು. ಪಲ್ಯ ಹಾಗೆಯೇ ಮನೆಗೆ ವಾಪಸು ಬರುತ್ತಿತ್ತು.

ಮಗಳನ್ನು ರಾಯಬಾಗಕ್ಕೆ ಕೊಟ್ಟಿದ್ದೇವೆ. ಅವಳ ಚೊಚ್ಚಲ ಬಸಿರಿನ ಕುಬಸದ ದಿನ ಲಾರಿಯಲ್ಲಿ ಕೊಲ್ಲಾಪುರಕ್ಕೆ ಹೋಗುವ ಬೆಲ್ಲದ ಲೋಡು ಇತ್ತು. ನನ್ನನ್ನೂ ಬುಟ್ಟಿಗಳನ್ನೂ ಲಾರಿಯಲ್ಲೇ ಕೂರಿಸಿಕೊಂಡು ಬಂದು ಅವರ ಮನೆಯ ಮುಂದೆ ಇಳಿಸಿದರು. ಬೀಗರು ಒಳಗೆ ಬನ್ನಿ ಎಂದು ಕೈ ಹಿಡಿದರೂ ಚಪ್ಪಲಿ ಬಿಡಲಿಲ್ಲ. ಹೊಸಿಲ ಆಚೆಯೇ ನಿಂತು ಮಗಳ ತಲೆ ಮುಟ್ಟಿ, ಅರ್ಧ ಹೋಳಿಗೆ ಬಾಯಿಗೆ ಹಾಕಿಕೊಂಡು ಹೊರಟರು. ಮಗಳು ಹಸಿರು ಸೀರೆಯಲ್ಲಿ ಕುಳಿತವಳು ಲಾರಿಯ ಸಪ್ಪಳ ಕರಗುವ ತನಕ ತಲೆ ಎತ್ತಲಿಲ್ಲ. ಅತ್ತೆಯ ಮಣ್ಣಿಗೆ ಸಿಗದ ಮನುಷ್ಯ ಮಗಳ ಕುಬಸಕ್ಕೂ ಸಿಗಲಿಲ್ಲ. ಕೀಲಿಕೈ ಈ ಸಲ ಅವರ ಜೇಬಿನಲ್ಲೇ ಇತ್ತು.

ಮೂರನೆಯ ವರ್ಷ ಇವರಿಗೆ ಕೈಕಾಲು ಹಿಡಿದುಕೊಳ್ಳುವ ಜ್ವರ ಬಂತು. ಮೂರು ದಿನ ಕೂಡ ಮಲಗಲಿಲ್ಲ. ಆಂಬೋಲಿ ಘಟ್ಟ ಇಳಿಯುವಾಗ ಮುಂದಿನ ಟೈರು ಸಿಡಿದು ಗಾಡಿ ಬದಿಗೆ ಹೋಗಿ ಕಲ್ಲಿನ ಕಟ್ಟೆಗೆ ಒರಗಿ ನಿಂತಿತು. ಕಟ್ಟೆಯ ಆಚೆ ಏನೂ ಇಲ್ಲ, ಬರೀ ಮಂಜು. ಇದನ್ನು ಅವರು ಹದಿನೈದು ದಿನ ಬಿಟ್ಟು ಹೇಳಿದರು. ನಾನು ಮುಂದಿನ ಮಂಗಳವಾರದಿಂದ ಐದು ಮಂಗಳವಾರ ಒಪ್ಪತ್ತು ಮಾಡಿದೆ. ನನ್ನ ಕುಂಕುಮ ಉಳಿಯಿತು. ಬೇರೆಲ್ಲ ಹೋದರೂ ದೇವಿಯ ಈ ದಯೆಯನ್ನು ನಾನು ಎಣಿಸದೆ ಬಿಟ್ಟಿಲ್ಲ. ಆದರೆ ಆ ಟೈರಿಗಾಗಿ ನನ್ನ ಕಿವಿಯ ಬುಗುಡಿ ಹೋದದ್ದು ಕೂಡ ನಿಜ.

ಹೀಗೆ ನಾಲ್ಕು ಹಂಗಾಮು. ಹಪ್ತೆ ಒಂದೂ ತಪ್ಪಲಿಲ್ಲ. ಸಾವಕಾರರು ಸಿಕ್ಕಾಗಲೆಲ್ಲ "ಇನ್ನ ಎರಡು", "ಇನ್ನ ಒಂದು" ಎಂದು ತಾವೇ ಬೆರಳು ಮಡಚಿ ತೋರಿಸುತ್ತಿದ್ದರು. ಅವರು ಮಾತಿಗೆ ತಪ್ಪುವವರಾಗಿರಲಿಲ್ಲ. ಈಗಲೂ ನಾನು ಹಾಗೆಯೇ ಹೇಳುತ್ತೇನೆ.

ನಾಲ್ಕನೆಯ ಹಂಗಾಮು ಮುಗಿದ ಬೇಸಿಗೆಯಲ್ಲಿ ಒಂದು ಮುಂಜಾನೆ ಅವರು ಪೂಜೆಗೆ ಕುಳಿತಲ್ಲೇ ತೀರಿಕೊಂಡರು. ನಾವಿಬ್ಬರೂ ಹಾರ ತೆಗೆದುಕೊಂಡು ಹೋದೆವು. ನಮ್ಮವರು ಹೆಗಲು ಕೊಟ್ಟರು. ತಮ್ಮ ತಾಯಿಗೆ ಕೊಡಲಾಗದ ಹೆಗಲನ್ನು ಸಾವಕಾರರಿಗೆ ಕೊಟ್ಟರು. ಆ ದಿನ ನಾನು ಲಾರಿಯ ಬಗ್ಗೆ ಯೋಚಿಸಲಿಲ್ಲ. ಇದು ಸುಳ್ಳಲ್ಲ.

ತಿಂಗಳು ಕಳೆದ ಮೇಲೆ ಸಾವಕಾರರ ಮಗ ಇವರನ್ನು ನಿಪ್ಪಾಣಿಗೆ ಕರೆಸಿದರು. ಮುಂಜಾನೆ ಲಾರಿ ತೆಗೆದುಕೊಂಡು ಹೋದವರು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಡೆಯಿಂದ ನಡೆದು ಬಂದರು. ಕೈಯಲ್ಲಿ ಲಾರಿಯೊಳಗಿನ ಹಾಸಿಗೆಯ ಸುರುಳಿ, ಸ್ಟೀಲಿನ ಡಬ್ಬಿ, ಕನ್ನಡಿಗೆ ತೂಗು ಹಾಕಿದ್ದ ಎಲ್ಲಮ್ಮನ ಸಣ್ಣ ಫೋಟೋ.

"ಗಾಡಿ?" ಎಂದೆ.

"ಅಲ್ಲೇ ಐತಿ."

ಅವರು ಕೈಕಾಲು ತೊಳೆದುಕೊಂಡು ಗೋಡೆಗೆ ಒರಗಿ ಕುಳಿತು, ಆಮೇಲೆ ಹೇಳಿದರು. ಗಾಡಿಗಳನ್ನೆಲ್ಲ ಒಂದೇ ಕೈಯಲ್ಲಿ ನಡೆಸುತ್ತೇನೆ, ಲೀಜು ಗೀಜು ಏನೂ ಇಲ್ಲ ಎಂದರಂತೆ ಆ ಮಗ. ಕೊಟ್ಟ ಹಪ್ತೆ ಎಂದರೆ ಗಾಡಿಯ ಬಾಡಿಗೆ, ಓಡಿಸಿದ್ದಕ್ಕೆ ಕೊಟ್ಟಿದ್ದು, ಅದರಲ್ಲಿ ಗಾಡಿ ಯಾರದೂ ಆಗುವುದಿಲ್ಲ. ಕರಾರು ಇದ್ದರೆ ಕಾಗದ ತೋರಿಸಿ.

ನಮ್ಮವರು ಜಗಲಿಯ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ, ನಿನ್ನ ಮಾತು ಕೇಳಿ ಕೆಟ್ಟೆ ಎಂದು ಒಮ್ಮೆ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಇಂದಿನವರೆಗೂ ಬೈದಿಲ್ಲ. ಇದನ್ನು ದೇವಿಯ ದಯೆ ಎಂದು ಎಣಿಸಬೇಕೋ ಶಿಕ್ಷೆ ಎಂದು ಎಣಿಸಬೇಕೋ ನನಗೆ ತಿಳಿದಿಲ್ಲ.

ಮರುದಿನ ನಾನು ಬಸ್ಸು ಹಿಡಿದು ಕೊಕಟನೂರಿಗೆ ಹೋಗಿ, ಹೊಸ ವಸ್ತ್ರದಲ್ಲಿ ಭಂಡಾರ ಕಟ್ಟಿಸಿಕೊಂಡು ಬಂದೆ. ಅದರ ಮರುದಿನ ಬಾಂಡ್ ಪೇಪರನ್ನೂ ತೆಗೆದುಕೊಂಡು ಇಬ್ಬರೂ ನಿಪ್ಪಾಣಿಗೆ ಹೋದೆವು. ನಾಲ್ಕು ವರ್ಷ ದೀಪದ ಮುಂದೆ ಇದ್ದ ಕವರಿಗೆ ಎಣ್ಣೆಯ ಜಿಡ್ಡು ಹತ್ತಿತ್ತು, ಕಾಗದದ ಅಂಚು ಅರಿಷಿಣ ಬಣ್ಣಕ್ಕೆ ತಿರುಗಿತ್ತು.

ಮಗ ಕೆಟ್ಟ ಮನುಷ್ಯನ ಹಾಗೆ ಕಾಣುವುದಿಲ್ಲ. ನಲವತ್ತರ ಆಸುಪಾಸು, ಹಣೆಯಲ್ಲಿ ಗಂಧ. ಕಚೇರಿಯ ಗೋಡೆಯ ಮೇಲೆ ತಂದೆಯ ಫೋಟೋ, ಅದರ ಪಕ್ಕ ಎಲ್ಲಮ್ಮನ ಫೋಟೋ, ಎರಡಕ್ಕೂ ಹಾರ. ನನಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು.

"ಏನ್ರಿ ವೈನಿ, ನೀವ್ಯಾಕ ಬರಾಕ ಹೋದ್ರಿ ಬಿಸಲಾಗ?"

ನಾನು ಕಾಗದವನ್ನು ಮೇಜಿನ ಮೇಲಿಟ್ಟೆ. ಅವರು ಮೂರೂ ಪುಟ ಸಮಾಧಾನದಿಂದ ಓದಿ ತಿರುಗಿಸಿ ನೋಡಿದರು.

"ಛಲೋ ಬರಸ್ಯಾರ. ಸಹಿ ಎಲ್ಲೈತ್ರಿ?"

"ಸಹಿ ಇಲ್ರಿ. ನಿಮ್ಮ ತಂದಿಯವರು ಭಂಡಾರ ಎತ್ತ್ಯಾರ. ನನ್ನ ಸೆರಗಿನಿಂದನ ಅವರ ಕೈಯಾಗ ಹಾಕೇನಿ."

"ಎತ್ತಿರಬೇಕ್ರಿ. ನಾ ಸುಳ್ಳ ಅನ್ನೂದಿಲ್ಲ. ಅಪ್ಪಾರು ಅಂಥವರ ಇದ್ದರು." ಅವರು ಫೋಟೋದ ಕಡೆ ನೋಡಿ ಕೈ ಮುಗಿದರು. "ಖರೆ ಎತ್ತಿದವರು ಅವರು. ಅವರು ಇದ್ದಿದ್ದರ ನಡಸ್ತಿದ್ದರು. ಎತ್ತಿದ ಮಾತು ಎತ್ತಿದವರ ಸಂಗಟ ಹೋತು. ನನ್ನ ಕೈಯಾಗ ಯಾರೂ ಹಾಕಿಲ್ಲಲ್ರಿ."

ನಾನು ವಸ್ತ್ರದ ಗಂಟು ಬಿಚ್ಚಿದೆ.

"ಹಂಗಾರ ಈಗ ಎತ್ತ್ರಿ. ನಿಮ್ಮ ತಂದಿಯವರು ಇಂಥ ಮಾತ ಕೊಟ್ಟೇ ಇಲ್ಲ ಅಂತ ಎತ್ತಿ ಹೇಳ್ರಿ, ನಾವು ಎದ್ದು ಹೋಗತೇವಿ."

ಅವರು ಕುರ್ಚಿಯಿಂದ ಎದ್ದರು. ಚಪ್ಪಲಿ ಬಿಟ್ಟರು. ಎರಡು ಬೆರಳಿನಲ್ಲಿ ಭಂಡಾರ ತೆಗೆದುಕೊಂಡು, ಕಣ್ಣು ಮುಚ್ಚಿ, ಭಕ್ತಿಯಿಂದ ಹಣೆಗೆ ಹಚ್ಚಿಕೊಂಡರು. ಸ್ವಲ್ಪ ನಾಲಿಗೆಯ ಮೇಲೂ ಹಾಕಿಕೊಂಡರು. "ಪ್ರಸಾದ ತಂದ್ರಿ, ಪುಣ್ಯ ಬಂತ ನಿಮಗ" ಎಂದು ಕುಳಿತರು.

ಹಚ್ಚಿಕೊಂಡರು. ಎತ್ತಲಿಲ್ಲ. ಎರಡರ ನಡುವಿನ ಅಂತರ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮವರು ಕಾಗದವನ್ನು ಮಡಿಸಿ ಕವರಿಗೆ ಹಾಕಿಕೊಂಡು, "ನಡಿ, ಬಸ್ ತಪ್ಪತೈತಿ" ಎಂದರು.

ಆಮೇಲಿನ ನಾಲ್ಕು ತಿಂಗಳು ಅವರು ಮನೆಯಲ್ಲೇ ಇದ್ದರು. ಬೇವಿನ ಗಿಡದ ಕೆಳಗೆ ಲಾರಿ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಉಳಿದಿತ್ತು, ನಾನು ಸಗಣಿ ಸಾರಿಸಿದರೂ ಮೇಲೆ ಬರುತ್ತಿತ್ತು. ಸಕ್ಕರೆ ಎರಡು ಬಾರಿ ತಿಂದವಳು ಓಣಿಯಲ್ಲಿ ಸಿಕ್ಕರೆ ಈಗ ಏನೂ ಅನ್ನುತ್ತಿರಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು. ಇಷ್ಟರಲ್ಲಿ ನಿಪ್ಪಾಣಿಯಿಂದ ಹೇಳಿಕಳಿಸಿದರು. ಹಂಗಾಮು ಬಂತು, ಕೈ ಪಳಗಿದ ಡ್ರೈವರು ಬೇಕು, ಪಗಾರದ ಮೇಲೆ ಬರಲಿ, ಅದೇ ಗಾಡಿ ಕೊಡುತ್ತೇವೆ.

"ಹೋಗಬ್ಯಾಡ್ರಿ" ಎಂದೆ. "ಕಾಗವಾಡದಾಗ, ಚಿಕ್ಕೋಡಿಯಾಗ ಬ್ಯಾರೆ ಮಾಲಕರು ಇಲ್ಲೇನು? ಆ ಮುಖ ಮತ್ತ ನೋಡ್ತೀರೇನು?"

"ನಾ ಮುಖ ನೋಡಾಕ ಹೋಗೂದಿಲ್ಲ, ಗಾಡಿ ಹೊಡ್ಯಾಕ ಹೋಗತೇನಿ." ಹಾಸಿಗೆಯ ಸುರುಳಿ ಕಟ್ಟುತ್ತ ಹೇಳಿದರು, "ಅದರ ಸ್ಪ್ರಿಂಗಿನ ಯಾವ ಪಾಟಾ ಯಾವಾಗ ಹಾಕಿಸೇನಿ ನನಗ ಗೊತ್ತೈತಿ. ಬ್ಯಾರೆಯವ ಹೊಡದರ ಹಾಳ ಮಾಡತಾನ."

ಹಾಳಾದರೆ ನಿಮಗೇನು ಎಂದು ಕೇಳುವ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿದೆ.

ಮೊದಲ ಸಲ ಲಾರಿ ಬಂದು ಗಿಡದ ಕೆಳಗೆ ನಿಂತಾಗ ಹೊರಗೆ ಹೋಗಿ ನೋಡಿದೆ. ಹೊಸ ಬಣ್ಣ ಹಚ್ಚಿಸಿದ್ದರು. ಹಣೆಯ ಮೇಲಿನ ದೇವಿಯ ಹೆಸರನ್ನು ಮುಟ್ಟಿರಲಿಲ್ಲ, ಮಗನಿಗೆ ಭಕ್ತಿ ಇದೆಯಲ್ಲ. ಅದರ ಕೆಳಗಿದ್ದ ನಮ್ಮ ಊರು ಹೋಗಿ ನಿಪ್ಪಾಣಿ ಬಂದಿತ್ತು. ಬಾಗಿಲ ಮೇಲೆ ಮಗಳ ಹೆಸರಿನ ಜಾಗದಲ್ಲಿ ಕಚೇರಿಯ ಫೋನ್ ನಂಬರು. ಓರೆಯಾಗಿ ನೋಡಿದರೆ ಬಣ್ಣದ ಅಡಿಯಿಂದ ಹಳೆಯ ಅಕ್ಷರಗಳು ಸ್ವಲ್ಪ ಉಬ್ಬಿಕೊಂಡು ಕಾಣುತ್ತವೆ. ನಮ್ಮವರು ಅದರ ಮೇಲೆಯೇ ಮೊಣಕೈ ಊರುತ್ತಾರೆ.

ನಾನು ಆರು ತಿಂಗಳು ಕೊಕಟನೂರಿಗೆ ಹೋಗಲಿಲ್ಲ. ಮನೆಯಲ್ಲಿ ದೀಪ ಹಚ್ಚುತ್ತಿದ್ದೆ, ಮಾತಾಡುತ್ತಿರಲಿಲ್ಲ. ಆಮೇಲೆ ಒಂದು ಹುಣ್ಣಿಮೆಗೆ ಹೋದೆ. ಸಾಲಿನಲ್ಲಿ ನಿಂತಿದ್ದಾಗ ಒಂದು ವಿಚಾರ ಬಂತು. ದೇವಿ ಸಾವಕಾರರ ಮಾತಿಗೆ ಸಾಕ್ಷಿಯಾಗಿದ್ದಳು. ಅವರು ಇರುವ ತನಕ ಮಾತು ನಡೆಯಿತು. ಮಗನ ಮಾತಿಗೆ ಅವಳನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ, ವಾರಸುದಾರರೂ ನಡೆಸಿಕೊಡಬೇಕು ಎಂಬುದು ಇದ್ದದ್ದು ಕಾಗದದಲ್ಲಿ. ಆ ಕಾಗದದ ಕೆಲಸವನ್ನು ನಾನು ಅವಳ ತಲೆಯ ಮೇಲೆ ಹೊರಿಸಿದ್ದೆ. ಮನಸ್ಸಿಗೆ ಸಮಾಧಾನವಾಯಿತು ಎಂದು ಹೇಳಲಾರೆ. ಭಂಡಾರ ಕೊಟ್ಟರು, ಹಣೆಗೆ ಹಚ್ಚಿಕೊಂಡೆ, ಅಷ್ಟೇ.

ಈಗ ಪಗಾರ ಹೊತ್ತಿಗೆ ಬರುತ್ತದೆ. ಹೋದ ತಿಂಗಳು ಕ್ಲಚ್ ಹೋಯಿತು, ಇವರು ಫೋನು ಮಾಡಿ ಹೇಳಿ ನೆರಳಿಗೆ ಮಲಗಿದರು. ಹಲ್ಲು ಕೀಳಿಸಿಕೊಂಡಾಗ ಎರಡು ದಿನ ರಜೆ ಕೇಳಿದರು, ಕೊಟ್ಟರು. ಯಾರ್ಡಿಗೆ ಬುತ್ತಿ ಒಯ್ದರೆ ಕುಳಿತು ಉಣ್ಣುತ್ತಾರೆ, ಪಲ್ಯ ವಾಪಸು ಬರುವುದಿಲ್ಲ. ಇವೆಲ್ಲ ದೇವಿ ಕೊಟ್ಟದ್ದೇ. ಇವೇ ನಮಗೆ ಮೊದಲೂ ಇದ್ದವು. ನಾಲ್ಕು ವರ್ಷ ಮತ್ತು ಒಂದು ಜೊತೆ ಬುಗುಡಿ ಕೊಟ್ಟು ಹೊರಟ ಜಾಗಕ್ಕೇ ಬಂದು ನಿಂತಿದ್ದೇವೆ.

ತಂಗಿ ತಾಟನ್ನು ಹತ್ತಿರ ಎಳೆದುಕೊಂಡಳು. ರೊಟ್ಟಿ ಆರಿ ಸೆಟೆದಿತ್ತು.

"ಅಂದರ ಲೀಜ ಬ್ಯಾಡ ಅಂತೀ."

"ಲೀಜ ಬ್ಯಾಡ ಅನ್ನೂದಿಲ್ಲ, ಪಗಾರದ ಮ್ಯಾಲನ ಇರು ಅಂತನೂ ಅನ್ನೂದಿಲ್ಲ. ಪಗಾರದಾಗ ಇನ್ನೊಬ್ಬರು ನಿನ್ನ ಗಂಡನ್ನ ಹಿಡೀತಾರ, ಲೀಜಿನಾಗ ಅಂವ ತನ್ನ ತಾನ ಹಿಡಕೊಂತಾನ. ಯಾವದನ್ನ ತಡಕೋತಾನ ಅವನ್ನ ಕೇಳು. ತಗೊಂಡರ ಮೊದಲ ಕಾಗದ ಮಾಡಸ್ರಿ. ಮಾಲಕನ ಸಹಿ, ಮಾಲಕನ ಮಗನ ಸಹಿ, ಇಬ್ಬರದೂ ಬೇಕು. ಆಮ್ಯಾಲ ಗುಡಿಗೆ ಹೋಗ್ರಿ."

ನಾನು ಎದ್ದು ಜಗಲಿಯ ಮೇಲಿನ ಕವರನ್ನು ತಂದು ಅವಳ ಮುಂದಿನ ಮಣೆಯ ಮೇಲೆ ಇಟ್ಟೆ. "ಇದನ್ನ ಒಯ್ಯಿ. ಹೆಸರಷ್ಟ ಬದಲಿ ಮಾಡಿಸಿ ಟೈಪ ಮಾಡಸ್ರಿ. ವಾರಸುದಾರರದು ಎರಡನೇ ಪುಟದಾಗೈತಿ."

ಅವಳು ಕವರು ಮುಟ್ಟಿ ನೋಡಿದಳು. "ಖರೆ ಅಕ್ಕಾ, ಅವರು ಭಾಳ ದೊಡ್ಡ ಮನಷ್ಯಾರು. ಬರೂ ಶುಕ್ರವಾರ ಗುಡಿಯಾಗ ಮಾತ ಕೊಡತೇನಿ ಅಂದಾರ. ಅಂಥವರ ಮುಂದ ಇದನ್ನ ಹಿಡದರ ಏನ ಅಂದಕೊಂಡಾರು?"

ನಾನೇ ಅಲ್ಲಿ ಕುಳಿತು ನನ್ನ ಮಾತನ್ನೇ ನನಗೆ ಹೇಳಿದ ಹಾಗಿತ್ತು. ಅವಳು ರೊಟ್ಟಿ ತಿಂದು, ಸಂಜೆಯ ಬಸ್ಸಿಗೆ ಹೋದಳು. ಕವರು ಮಣೆಯ ಮೇಲೆಯೇ ಇತ್ತು. ಮನೆ ಮುಟ್ಟಿ ಫೋನು ಮಾಡಿದಾಗ, "ಅಯ್ಯ, ಮರತ ಬಂದ್ನಿ ನೋಡಕ್ಕಾ" ಎಂದಳು. ಮರೆತಳೋ ಬಿಟ್ಟಳೋ ನಾನು ಕೇಳಲಿಲ್ಲ.

ಇವತ್ತು ಮಂಗಳವಾರ, ತಂಗಿ ಹೇಳಿದ ಶುಕ್ರವಾರಕ್ಕೆ ಇನ್ನು ಮೂರು ದಿನ. ಮುಂಜಾನೆ ಇವರು ಚಿಕ್ಕೋಡಿಯ ಕಡೆಗೆ ಹೊರಟಿದ್ದರು. ನಾನು ಬುತ್ತಿಯ ಜೊತೆ ಕವರನ್ನೂ ತಂದು ಕೊಟ್ಟೆ, ಕಬ್ಬೂರಿನಲ್ಲಿ ತಂಗಿಯ ಗಂಡನ ಕೈಗೇ ಕೊಡಿ, ತಂಗಿಯ ಕೈಗೆ ಬೇಡ ಎಂದೆ. ಅವರು ಕಾಗದ ಹೊರಗೆ ತೆಗೆದು, ಲಾರಿಯ ಮೆಟ್ಟಿಲ ಮೇಲೆ ನಿಂತೇ ಮೊದಲಿನಿಂದ ಕೊನೆಯ ತನಕ ಓದಿದರು. ಅಥಣಿಯಿಂದ ತಂದ ದಿನ ನನಗೆ ಓದಿ ಹೇಳಿದ್ದ ಮೇಲೆ ಅವರು ಅದನ್ನು ಓದಿದ್ದು ಇದೇ ಮೊದಲು.

"ಟೈಪ ಛಲೋ ಮಾಡ್ಯಾನ ಅಂವ" ಎಂದರು.

ಆಮೇಲೆ ಕವರನ್ನು ಸ್ಟೇರಿಂಗಿನ ಮೇಲಿನ, ಗಾಡಿಯ ಕಾಗದಪತ್ರ ಇಡುವ ಗೂಡಿನಲ್ಲಿ, ನಿಪ್ಪಾಣಿಯವರ ಹೆಸರಿನ ಆರ್‌ಸಿ ಪ್ರತಿಯ ಪಕ್ಕದಲ್ಲಿ ಇಟ್ಟು ಲಾರಿ ಚಾಲೂ ಮಾಡಿದರು.